‘ನೀತಿವಂತ’ ಅಂದರೆ ಒಳ್ಳೆಯವನೇ? ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ತಿಂಗಳು ಇದೇ ಪುಟದಲ್ಲಿ, ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆಯ (ಸತ್ಯವೇದದಲ್ಲಿರುವ ಪತ್ರ) 3ನೇ ಅಧ್ಯಾಯದ ಬಗ್ಗೆ ಒಂದು ಟಿಪ್ಪಣಿ ಬಂದಿತ್ತು. ಮನುಷ್ಯ ದೇವರ ಮುಂದೆ ನೀತಿವಂತನೆಂಬ ನಿರ್ಣಯ ಹೊಂದುವುದು ಸತ್ಕರ್ಮದ ಬಲದಿಂದಲ್ಲ, ನಂಬಿಕೆಯಿಂದ ಎಂಬುದು ಅದರ ಸಾರ. ಅಷ್ಟಕ್ಕೇ ಕಾಗದಗಳು, ವಾಟ್ಸಾಪ್ ಸಂದೇಶಗಳು ರಾಶಿ ಬಿದ್ದಿವೆ. ಕೆಲವನ್ನು ಆರಿಸಿಕೊಂಡಿದ್ದೇವೆ. ಹೆಸರು ಹಾಕಬೇಡಿ ಎಂದು ಹೆಚ್ಚಿನವರು ಕೇಳಿಕೊಂಡದ್ದರಿಂದ ಬಡಾವಣೆಯನ್ನಷ್ಟೇ ಕೊಟ್ಟಿದ್ದೇವೆ.

ನಮ್ಮ ಪಕ್ಕದ ಮನೆಯವರು ಸುಳ್ಳು ಹೇಳುವವರಲ್ಲ, ಲಂಚ ಮುಟ್ಟುವವರಲ್ಲ. ಚರ್ಚಿಗೆ ಬರುವವರೂ ಅಲ್ಲ. ನನ್ನ ಕಣ್ಣಿಗೆ ಅವರೇ ನೀತಿವಂತರು. ಬರೀ ನಂಬಿದವನನ್ನು ನೀತಿವಂತ ಎನ್ನುವುದು ನ್ಯಾಯವೇ? (ಚಾಮರಾಜಪೇಟೆ)

ತೊಡಕು ಶುರುವಾಗುವುದೇ ‘ನೀತಿ’ ಎಂಬ ಪದದಲ್ಲಿ. ನಮಗೆ ನೀತಿ ಎಂದರೆ ನೀತಿಪಾಠ, ನೀತಿಕಥೆ, ಚುನಾವಣೆ ಬಂದರೆ ನೀತಿಸಂಹಿತೆ. ಎಲ್ಲವೂ ನಡತೆಯ ಮಾತು. ಸತ್ಯವೇದದಲ್ಲಿ ಅದೇ ಪದ ಕಂಡಾಗ ನಾವು ‘ಒಳ್ಳೆಯ ನಡತೆ’ ಎಂದು ಓದಿಕೊಳ್ಳುತ್ತೇವೆ. ಹೀಬ್ರೂ ಭಾಷೆಯ ‘ತ್ಸೆದಾಕಾ’ ಮೊದಲು ಹೇಳುವುದು ಸಂಬಂಧದ ಮಾತನ್ನು: ಯಾರು ಯಾರಿಗೆ ಏನು ಸಲ್ಲಿಸಬೇಕೋ ಅದನ್ನು ಸಲ್ಲಿಸುವುದು.

ಆದಿಕಾಂಡ 38 ತೆರೆದು ನೋಡಿ. ವಿಧವೆ ಸೊಸೆ ತಾಮಾರಳಿಗೆ ಯೆಹೂದ ತನ್ನ ಕಿರಿಯ ಮಗ ಶೇಲಹನನ್ನು ಕೊಡಬೇಕಿತ್ತು. ಕೊಡಲಿಲ್ಲ. ಅವಳು ಮುಸುಕು ಹಾಕಿಕೊಂಡು ವೇಶ್ಯೆಯಂತೆ ದಾರಿಯಲ್ಲಿ ಕೂತು ಅವನಿಂದಲೇ ಬಸಿರಾದಳು. ವಿಷಯ ಬಯಲಾದಾಗ ಯೆಹೂದ ಹೇಳುವುದು ಅವಳು ತನಗಿಂತ ನೀತಿವಂತಳು ಎಂದು. ನೀತಿಪಾಠದ ಪುಸ್ತಕದಲ್ಲಿ ಈ ಕಥೆಗೆ ಜಾಗವಿಲ್ಲ. ಆದರೆ ಮನೆತನದ ಋಣಕ್ಕೆ ನಿಂತವಳು ಅವಳು, ತಪ್ಪಿಸಿಕೊಂಡವನು ಅವನು.

ಪೌಲ ಇದಕ್ಕೆ ಕೋರ್ಟಿನ ಅರ್ಥವನ್ನೂ ಸೇರಿಸುತ್ತಾನೆ. ಅವನು ಬಳಸುವ ಗ್ರೀಕ್ ಕ್ರಿಯಾಪದ ‘ದಿಕಾಯೋ’. ಅದರ ಎದುರು ಪದ ‘ಅಪರಾಧಿ ಎಂದು ತೀರ್ಪು ಕೊಡು’ (ರೋಮಾ. 8:33-34). ನ್ಯಾಯಾಧೀಶರು ‘ಖುಲಾಸೆ’ ಅಂದ ಕ್ಷಣ ಕಟಕಟೆಯಲ್ಲಿ ನಿಂತವನ ಸ್ವಭಾವವೇನೂ ಬದಲಾಗುವುದಿಲ್ಲ, ಕಾನೂನಿನ ಮುಂದೆ ಅವನ ಸ್ಥಾನ ಬದಲಾಗುತ್ತದೆ. ನೀತಿವಂತನೆಂಬ ನಿರ್ಣಯ ಎಂದರೆ ಇದು.

ಹೋಲಿಕೆ ಇಲ್ಲಿಗೇ ನಿಂತರೆ ಸುಲಭವಿತ್ತು, ನಿಲ್ಲುವುದಿಲ್ಲ. ಕೋರ್ಟು ಖುಲಾಸೆ ಮಾಡುವುದು ಸಾಕ್ಷ್ಯ ಇಲ್ಲದಾಗ. ಪೌಲನ ದೇವರು ‘ಭಕ್ತಿಹೀನನನ್ನು’ ನೀತಿವಂತನೆಂದು ನಿರ್ಣಯಿಸುತ್ತಾನೆ (ರೋಮಾ. 4:5). ಜ್ಞಾನೋಕ್ತಿ 17:15ರ ಪ್ರಕಾರ ದುಷ್ಟನನ್ನು ಹೀಗೆ ಬಿಟ್ಟುಬಿಡುವುದು ಕರ್ತನಿಗೆ ಅಸಹ್ಯ. ಇದು ಯೆಹೂದ್ಯನಾಗಿ ಹುಟ್ಟಿ ಬೆಳೆದ ಪೌಲನಿಗೆ ಗೊತ್ತಿಲ್ಲದ ವಾಕ್ಯವಲ್ಲ. ಅದಕ್ಕೇ 3:25ರಲ್ಲಿ ಅವನು ಕೃಪಾಸನವನ್ನು ತರುತ್ತಾನೆ. ಮಂಜೂಷದ, ಅಂದರೆ ಒಡಂಬಡಿಕೆಯ ಪೆಟ್ಟಿಗೆಯ, ಮೇಲಿನ ಚೊಕ್ಕ ಬಂಗಾರದ ಮುಚ್ಚಳ ಅದು, ಎರಡೂವರೆ ಮೊಳ ಉದ್ದ, ಒಂದೂವರೆ ಮೊಳ ಅಗಲ. ವರ್ಷಕ್ಕೊಮ್ಮೆ ದೋಷಪರಿಹಾರಕ ದಿನದಲ್ಲಿ ಮಹಾಯಾಜಕ ಅದರ ಮೇಲೂ ಅದರ ಮುಂದೆ ಏಳು ಸಾರಿಯೂ ರಕ್ತ ಚಿಮುಕಿಸುತ್ತಿದ್ದ. ಆ ಜಾಗದಲ್ಲಿ ಈಗ ಶಿಲುಬೆಗೆ ಹಾಕಲ್ಪಟ್ಟ ಯೇಸು ಇದ್ದಾನೆ ಎಂಬುದು ಪೌಲನ ವಾದ. ಅಂದರೆ ಪಾಪವನ್ನು ನೋಡಿಯೂ ನೋಡದಂತೆ ಬಿಟ್ಟದ್ದಲ್ಲ, ಅದರ ಭಾರವನ್ನು ದೇವರು ತನ್ನ ಕಡೆಗೇ ತೆಗೆದುಕೊಂಡದ್ದು.

ನಿಮ್ಮ ಪಕ್ಕದ ಮನೆಯವರ ಒಳ್ಳೆಯತನ ನಿಜವಾದ ಒಳ್ಳೆಯತನವೇ. ಧರ್ಮಶಾಸ್ತ್ರ ಇಲ್ಲದ ಅನ್ಯಜನರೂ ಅದು ಹೇಳುವುದನ್ನು ಸ್ವಭಾವದಿಂದಲೇ ಮಾಡುವುದುಂಟು ಎಂದು ಅದೇ ಪತ್ರಿಕೆಯ 2:14 ಒಪ್ಪುತ್ತದೆ. ಅವರನ್ನು ಕೆಳಗಿಳಿಸಿ ನಮ್ಮವರನ್ನು ಮೇಲೇರಿಸುವುದಕ್ಕೆ ಈ ಬೋಧನೆಯನ್ನು ಬಳಸಿದರೆ ಅದನ್ನು ತಲೆಕೆಳಗು ಮಾಡಿದಂತೆ. ಲೂಕ 18ರಲ್ಲಿ ಸುಂಕದವನನ್ನು ಕೀಳಾಗಿ ಕಂಡು ತನ್ನನ್ನೇ ಹೊಗಳಿಕೊಂಡ ಫರಿಸಾಯ ಮಾಡಿದ್ದೂ ಅದನ್ನೇ.

ನಾನು ಮೂವತ್ತು ವರ್ಷ ಲೆಕ್ಕಪತ್ರ ಬರೆದವನು. ಕ್ರಿಸ್ತನ ನೀತಿಯನ್ನು ನಮ್ಮ ಲೆಕ್ಕಕ್ಕೆ ಎಣಿಸುತ್ತಾರೆ ಎನ್ನುತ್ತೀರಿ. ಒಬ್ಬನ ಜಮೆಯನ್ನು ಇನ್ನೊಬ್ಬನ ಖಾತೆಯಲ್ಲಿ ತೋರಿಸಿದರೆ ನಮ್ಮ ಕಸುಬಿನಲ್ಲಿ ಅದಕ್ಕೆ ಬೇರೆ ಹೆಸರಿದೆ. (ರಾಜಾಜಿನಗರ)

ಸರಿಯಾದ ಕಡೆಗೇ ಬೆರಳಿಟ್ಟಿದ್ದೀರಿ. ‘ಎಣಿಸು’ ಎಂಬುದಕ್ಕೆ ಪೌಲ ಬಳಸಿದ ‘ಲೊಗಿಝೊಮಾಯ್’ ವ್ಯಾಪಾರದ ಲೆಕ್ಕದಲ್ಲೂ ಓಡಾಡಿದ ಪದ. ರೋಮಾ. 4ನೇ ಅಧ್ಯಾಯವೊಂದರಲ್ಲೇ 11 ಸಾರಿ ಬರುತ್ತದೆ. ನಾಲ್ಕನೆಯ ವಚನದಲ್ಲಿ ಅವನೇ ಕೂಲಿಗೂ ದಾನಕ್ಕೂ ಬೇರೆ ಬೇರೆ ಕಾಲಂ ಹಾಕುತ್ತಾನೆ: ಕೆಲಸ ಮಾಡಿದವನಿಗೆ ಬರುವುದು ಸಂಬಳ, ಅದು ಕೃಪೆಯಲ್ಲ.

ಸುಳ್ಳು ಲೆಕ್ಕ ಆಗುವುದು ಎರಡು ಖಾತೆಗಳಿಗೆ ಏನೂ ಸಂಬಂಧವಿಲ್ಲದಾಗ. ಫಿಲೆಮೋನನಿಗೆ ಬರೆದ ಚಿಕ್ಕ ಪತ್ರ ನೋಡಿ, ಒಂದೇ ಅಧ್ಯಾಯ, 25 ವಚನ. ಒನೇಸಿಮ ಎಂಬ ದಾಸ ಯಜಮಾನನಿಂದ ದೂರವಾಗಿ ಪೌಲನ ಬಳಿ ಇದ್ದಾನೆ. ಅವನನ್ನು ಹಿಂದಕ್ಕೆ ಕಳಿಸುವಾಗ ಪೌಲ ಬರೆಯುತ್ತಾನೆ: ಅವನು ನಿನಗೇನಾದರೂ ಸಾಲ ತೀರಿಸಬೇಕಾಗಿದ್ದರೆ ನನ್ನ ಲೆಕ್ಕಕ್ಕೆ ಹಾಕು. ಮುಂದಿನ ವಚನದಲ್ಲಿ, ಪೌಲನೆಂಬ ನಾನು ನನ್ನ ಕೈಯಾರೆ ಬರೆದಿದ್ದೇನೆ, ನಾನೇ ತೀರಿಸುತ್ತೇನೆ. ನೀವು ನೋಡಿ ಬಲ್ಲ ಪ್ರಾಮಿಸರಿ ನೋಟು ಇದು, ಸಹಿ ಸಮೇತ. ಬಾಕಿಯನ್ನು ಯಾರೂ ಅಳಿಸಲಿಲ್ಲ, ಹೊಣೆ ಹೊತ್ತವನು ಒಬ್ಬ ಬಂದ. ಸಾಲದ ಮಾತಿಗೆ ಹಿಂದಿನ ವಚನ ಇನ್ನೂ ಮುಖ್ಯ: ನನ್ನನ್ನು ಬರಮಾಡಿಕೊಳ್ಳುವಂತೆ ಅವನನ್ನು ಬರಮಾಡಿಕೋ. ಒನೇಸಿಮನಿಗೆ ಸಿಗಬೇಕಾದ ಮರ್ಯಾದೆ ಪೌಲನ ಮರ್ಯಾದೆ.

ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ 1520ರಲ್ಲಿ ಇದಕ್ಕೆ ಮದುವೆಯ ಹೋಲಿಕೆ ಬಳಸಿದರು: ಹೆಣ್ಣಿನ ಸಾಲ ಗಂಡಿಗೆ, ಗಂಡಿನ ಆಸ್ತಿ ಹೆಣ್ಣಿಗೆ. ಕ್ರಿಸ್ತನೊಂದಿಗಿನ ಐಕ್ಯವನ್ನು ಬಿಟ್ಟು ಬರೀ ‘ಲೆಕ್ಕ ವರ್ಗಾವಣೆ’ ಎಂದು ಬೋಧಿಸುವವರಿಗೆ ನಿಮ್ಮ ಆಕ್ಷೇಪ ಪೂರ್ತಿ ಅನ್ವಯಿಸುತ್ತದೆ. ಫಿಲಿಪ್ಪಿ 3:9ರಲ್ಲಿ ಪೌಲನ ಆಸೆ ‘ಅವನಲ್ಲಿ’ ಕಂಡುಬರುವುದು. ನೀತಿ ಬರುವುದು ಆ ಬಾಗಿಲಿಂದ.

ಒಂಬತ್ತು ಗುರುವಾರ ಬಾಲಯೇಸುವಿನ ಹತ್ತಿರ ಹೋಗಿ ಮೋಂಬತ್ತಿ ಹಚ್ಚುತ್ತೇನೆಂದು ಹರಕೆ ಹೊತ್ತೆ. ಏಳು ವಾರ ಆಯಿತು, ಆಮೇಲೆ ಮಗುವಿಗೆ ಜ್ವರ, ಬಿಟ್ಟುಹೋಯಿತು. ದೇವರು ಮುನಿಸಿಕೊಂಡಿದ್ದರೆ ಸಮಾಧಾನಪಡಿಸುವುದು ಹೇಗೆ? (ವಿವೇಕನಗರ)

ಅಮ್ಮಾ, ಮಗುವಿನ ಜ್ವರಕ್ಕೂ ಬಿಟ್ಟುಹೋದ ಎರಡು ಗುರುವಾರಕ್ಕೂ ಸಂಬಂಧ ಕಟ್ಟಬೇಡಿ. ಮಗು ಚೇತರಿಸಿಕೊಂಡ ಮೇಲೆ ಉಳಿದೆರಡು ವಾರ ಹೋಗಿ ಬನ್ನಿ. ಆಗದಿದ್ದರೆ ನಿಮ್ಮ ಗುರುಗಳಿಗೆ ಹೇಳಿ, ಬದಲಿಗೆ ಬೇರೊಂದು ಭಕ್ತಿಕಾರ್ಯ ಸೂಚಿಸುತ್ತಾರೆ.

‘ಸಮಾಧಾನಪಡಿಸು’ ಎಂಬ ಮಾತಿನ ಬಗ್ಗೆ ಮಾತ್ರ ಎರಡು ಸಾಲು. ಅಳುವ ಮಗುವನ್ನು, ಕೋಪಗೊಂಡ ಮಾವನನ್ನು ಸಮಾಧಾನಪಡಿಸುವವರು ನಾವು. ಪೌಲನ ಪತ್ರಿಕೆಗಳಲ್ಲಿ ಈ ಕ್ರಿಯಾಪದದ ಕರ್ತೃ, ಕರ್ಮ ಅದಲುಬದಲಾಗಿವೆ. ರೋಮಾ. 5:10, 2 ಕೊರಿಂಥ 5:18-20 ಎಲ್ಲೇ ನೋಡಿ, ಮನುಷ್ಯ ದೇವರನ್ನು ಸಮಾಧಾನಪಡಿಸಿದ ಎಂದು ಒಂದು ಕಡೆಯೂ ಇಲ್ಲ. ದೇವರೇ ನಮ್ಮನ್ನು ತನ್ನೊಂದಿಗೆ ಸಮಾಧಾನಪಡಿಸಿಕೊಂಡ. ಅದೂ ನಾವು ವೈರಿಗಳಾಗಿದ್ದಾಗಲೇ. ಎರಡನೆಯ ಮಕ್ಕಬಿಯರ ಗ್ರಂಥದಲ್ಲಿ (1:5, 7:33) ದೇವರು ತನ್ನ ಜನರೊಂದಿಗೆ ಸಂಧಾನವಾಗುವ ಹಳೆಯ ಬಳಕೆ ಇದೆ. ಪೌಲ ಅದೇ ಪದವನ್ನು ಹಿಡಿದು ದಿಕ್ಕು ತಿರುಗಿಸಿದ. ಮೋಂಬತ್ತಿಯನ್ನು ಕೃತಜ್ಞತೆಗಾಗಿ ಹಚ್ಚಿ, ದಂಡವೆಂದು ಬೇಡ.

ಹತ್ತು ವರ್ಷದ ಹಿಂದೆ ನಮ್ಮ ಬೀದಿಯಲ್ಲಿ 20 ಜನರ ಚೀಟಿ ನಡೆಸುತ್ತಿದ್ದೆ, ತಿಂಗಳಿಗೆ 2,000. ಕೊನೆಯ ಚೀಟಿ ಎತ್ತಬೇಕಿದ್ದ ಹೆಂಗಸು ಅಷ್ಟರಲ್ಲಿ ಮನೆ ಖಾಲಿ ಮಾಡಿ ಹೋದರು. ಅವರಿಗೆ ಸೇರಬೇಕಿದ್ದ 40,000 ನಾನೇ ಇಟ್ಟುಕೊಂಡೆ. ಈಗ ರಕ್ಷಣೆ ಹೊಂದಿದ್ದೇನೆ, ದೇವರಲ್ಲಿ ಅತ್ತು ಕ್ಷಮೆ ಕೇಳಿದ್ದೇನೆ, ಸಭೆಗೆ 10,000 ಕಾಣಿಕೆ ಕೊಟ್ಟಿದ್ದೇನೆ. ಇಷ್ಟು ಸಾಕಲ್ಲವೇ? (ಲಿಂಗರಾಜಪುರ)

ಸಾಲದು. ಆ ಹೆಂಗಸಿನ ಲೆಕ್ಕದಲ್ಲಿ ಇವತ್ತಿಗೂ ಬಾಕಿ 40,000 ಹಾಗೇ ಇದೆ. ಸಭೆಗೆ ಕೊಟ್ಟ 10,000ವನ್ನು ಅದರಲ್ಲಿ ಕಳೆಯುವಂತಿಲ್ಲ. ಅದು ಅವರ ಹಣ, ಕಾಣಿಕೆ ನಿಮ್ಮ ಹೆಸರಿನಲ್ಲಿ ಬಿದ್ದಿದೆ.

ಯಾಜಕಕಾಂಡ 6:1-7 ನಿಮ್ಮ ಪ್ರಸಂಗಕ್ಕೇ ಬರೆದಂತಿದೆ. ಒಪ್ಪಿಸಿಟ್ಟ ಸೊತ್ತನ್ನು ಇಲ್ಲವೆಂದು ನುಂಗಿದವನು ಅಸಲು ಪೂರ್ತಿ ಕೊಡಬೇಕು, ಮೇಲೆ ಐದನೆಯ ಒಂದು ಭಾಗ ಸೇರಿಸಬೇಕು, ಅದನ್ನು ಸೊತ್ತಿನ ಒಡೆಯನ ಕೈಗೇ ಕೊಡಬೇಕು. ಪ್ರಾಯಶ್ಚಿತ್ತದ ಟಗರು ಆಮೇಲೆ. ನಿಮ್ಮ ಮಟ್ಟಿಗೆ 40,000 ಮತ್ತು 8,000, ಒಟ್ಟು 48,000. ಇದು ಕನಿಷ್ಠ. ಹತ್ತು ವರ್ಷದಲ್ಲಿ ರೂಪಾಯಿ ಎಷ್ಟು ಸವೆದಿದೆಯೆಂದು ನಿಮಗೇ ಗೊತ್ತು. ಶೇ. 6ರ ಚಕ್ರಬಡ್ಡಿ ಹಿಡಿದರೂ ಆ ದುಡ್ಡು ಇಂದು ಸುಮಾರು 71,600 ಆಗಿರುತ್ತಿತ್ತು. ಶಕ್ತಿಯಿದ್ದರೆ ಎರಡನೆಯ ಲೆಕ್ಕ ಹಿಡಿಯಿರಿ.

ಮೊದಲು ಹಳೆಯ ಚೀಟಿ ಪುಸ್ತಕ ಹುಡುಕಿ, ಅಂಕಿ ಸರಿನೋಡಿ. ಆ ಕಾಲದ ಮಿಕ್ಕ ಸದಸ್ಯರಲ್ಲಿ, ಹಳೆಯ ಮನೆಯ ಓನರ್ ಹತ್ತಿರ ವಿಚಾರಿಸಿದರೆ ಅವರ ವಿಳಾಸದ ಸುಳಿವು ಸಿಗುತ್ತದೆ. ವಿಚಾರಿಸುವಾಗ ಕಾರಣ ಡಂಗುರ ಸಾರಬೇಕಿಲ್ಲ. ಸಿಕ್ಕ ಮೇಲೆ ಎರಡೇ ವಾಕ್ಯ ಸಾಕು: ‘ನಿಮ್ಮ 40,000 ನನ್ನ ಹತ್ತಿರ ಉಳಿದಿತ್ತು. ಕೊಡದೆ ಇಟ್ಟುಕೊಂಡದ್ದು ನನ್ನ ತಪ್ಪು.’ ಆಗ ನನಗೆ ಕಷ್ಟವಿತ್ತು, ನೀವೂ ಹೇಳದೆ ಹೋದಿರಿ ಎಂಬ ಬಾಲಂಗೋಚಿ ಅಂಟಿಸಿದಿರೋ, ತಪ್ಪಿನ ಅರ್ಧ ಅವರ ತಲೆಗೆ ಹೋಯಿತು. ಹಣವನ್ನು ಚೆಕ್ ಮೂಲಕವೋ ಬ್ಯಾಂಕ್ ಖಾತೆಗೋ ಹಾಕಿ, ದಾಖಲೆ ಉಳಿಯುತ್ತದೆ. ಒಟ್ಟಿಗೆ ಆಗದಿದ್ದರೆ ಕಂತು ಎಷ್ಟು, ಯಾವ ತಾರೀಕು ಎಂದು ಬರೆದುಕೊಡಿ.

ಇಂಥಲ್ಲಿ ಕೆಡುವುದು ಹೆಚ್ಚಾಗಿ ಬಾಯಿಂದ. ‘ದೇವರು ನನ್ನನ್ನು ಕ್ಷಮಿಸಿಬಿಟ್ಟಿದ್ದಾನೆ’ ಎಂದು ಆ ಹೆಂಗಸಿನ ಮುಂದೆ ಸಾಕ್ಷಿ ಹೇಳಲು ಹೋಗಬೇಡಿ. ದುಡ್ಡು ಕಳೆದುಕೊಂಡವರಿಗೆ ಅದು ಹುಣ್ಣಿನ ಮೇಲೆ ಉಪ್ಪು. ಕವರಿನೊಳಗೆ ಸುವಾರ್ತೆಯ ಕರಪತ್ರವೂ ಬೇಡ. ‘ಕ್ಷಮಿಸಿದೆ’ ಎಂದು ಅವರ ಬಾಯಿಂದ ಹೊರಡಿಸಲು ಕಾಯುತ್ತ ಕೂರಬೇಡಿ, ಅದು ಅವರ ಇಷ್ಟ.

ಅವರು ತೀರಿಕೊಂಡಿದ್ದರೆ ಮಕ್ಕಳಿಗೆ ಸೇರಬೇಕು. ಹತ್ತಿರದ ನೆಂಟರೂ ಇಲ್ಲದಿದ್ದರೆ ಮಾತ್ರ ಅದು ಕರ್ತನಿಗೆ, ಅಂದರೆ ಯಾಜಕನಿಗೆ ಎಂದು ಅರಣ್ಯಕಾಂಡ 5:8 ಹೇಳುತ್ತದೆ. ಕಾಣಿಕೆ ಪೆಟ್ಟಿಗೆಯ ಸರದಿ ಕಟ್ಟಕಡೆಗೆ. ನೀವು ಅಲ್ಲಿಂದಲೇ ಶುರು ಮಾಡಿದ್ದೀರಿ. ಹಾಗೆ ಮಾಡುವವರೇ ಹೆಚ್ಚು, ಏಕೆಂದರೆ ಪೆಟ್ಟಿಗೆ ಎದುರು ಮಾತಾಡುವುದಿಲ್ಲ.

ಹಾಗಾದರೆ ಇದೇ ರಕ್ಷಣೆಯ ಬೆಲೆಯೇ ಎಂದು ಕೇಳುತ್ತೀರಿ. ಸುಂಕದವರ ಮುಖಂಡ ಜಕ್ಕಾಯನ ಪ್ರಸಂಗದ ಕ್ರಮ ಗಮನಿಸಿ (ಲೂಕ 19). ಯೇಸು ಮೊದಲು ‘ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು’ ಎಂದದ್ದು, ಅವನು ಯೇಸುವನ್ನು ನೋಡಲೆಂದು ಹತ್ತಿದ ಮರದ ಮೇಲೆ ಇನ್ನೂ ಇದ್ದಾಗ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತದ್ದಕ್ಕೆ ನಾಲ್ಕರಷ್ಟು ಎಂದು ಅವನು ಎದ್ದು ನಿಂತು ಹೇಳಿದ್ದು ಆಮೇಲೆ. ಕುರಿ ಕದ್ದವನಿಗೆ ವಿಧಿಸಿದ ನಾಲ್ಕರ ದಂಡವನ್ನು (ವಿಮೋಚನಕಾಂಡ 22:1) ಯಾರೂ ಕೇಳದೆ ತಾನೇ ಹಾಕಿಕೊಂಡ. ಬರಮಾಡಿಕೊಂಡದ್ದಕ್ಕೆ ಅದು ಕೊಟ್ಟ ಬೆಲೆಯಾಗಿದ್ದರೆ ಮರದ ಬುಡದಲ್ಲೇ ವಸೂಲಿಯಾಗಬೇಕಿತ್ತು.

ಪೌಲ ನಂಬಿಕೆ ಸಾಕು ಎನ್ನುತ್ತಾನೆ, ಯಾಕೋಬ ತನ್ನ ಪತ್ರಿಕೆಯಲ್ಲಿ ಕ್ರಿಯೆ ಬೇಕು ಎನ್ನುತ್ತಾನೆ. ಇಬ್ಬರೂ ಅಬ್ರಹಾಮನನ್ನೇ ತೋರಿಸುತ್ತಾರೆ. ಯಾರನ್ನು ನಂಬುವುದು? (ಯಲಹಂಕ)

ತಾರೀಕು ನೋಡಿದರೆ ಅರ್ಧ ಗಂಟು ಬಿಚ್ಚುತ್ತದೆ. ಪೌಲ ಹಿಡಿದದ್ದು ಆದಿಕಾಂಡ 15:6, ನಂಬಿದ, ನೀತಿಯೆಂದು ಎಣಿಸಲಾಯಿತು. ಇಷ್ಮಾಯೇಲ್ ಹುಟ್ಟುವ ಮುಂಚಿನ ಮಾತು ಅದು. ಅವನು ಹುಟ್ಟಿದಾಗ ಅಬ್ರಹಾಮನಿಗೆ 86, ಸುನ್ನತಿಯಾದಾಗ 99. ಎಂದರೆ ಸುನ್ನತಿಗಿಂತ ಕಡಿಮೆಯೆಂದರೂ 13 ವರ್ಷ ಮೊದಲು ಅವನು ನೀತಿವಂತನೆನಿಸಿದ್ದ. ಗಲಾತ್ಯ, ರೋಮ್ ಸಭೆಗಳಲ್ಲಿ ಅನ್ಯಜನರಿಗೆ ಸುನ್ನತಿ ಬೇಕೇ ಎಂಬ ಜಗಳದಲ್ಲಿ ಪೌಲನಿಗೆ ಈ 13 ವರ್ಷವೇ ಅಸ್ತ್ರ. ಯಾಕೋಬ ಹಿಡಿದದ್ದು 22ನೇ ಅಧ್ಯಾಯ, ಇಸಾಕನನ್ನು ಬಲಿಪೀಠದ ಮೇಲಿಟ್ಟ ದಿನ. ಆ ಹೊತ್ತಿಗೆ ನಂಬಿಕೆಗೆ ವಯಸ್ಸಾಗಿತ್ತು, ಪರೀಕ್ಷೆಗೆ ಕೂತಿತ್ತು. ‘ನಂಬಿಕೆ ಮಾತ್ರದಿಂದ’ ಎಂಬ ನುಡಿಗಟ್ಟು ಹೊಸ ಒಡಂಬಡಿಕೆಯಲ್ಲಿ ಇರುವುದು ಯಾಕೋಬ 2:24ರಲ್ಲಿ ಮಾತ್ರ, ಅದೂ ‘ಅಲ್ಲ’ ಎಂಬುದರ ಜೊತೆಗೆ. ರೋಮಾ. 3:28ಕ್ಕೆ ‘ಮಾತ್ರ’ ಸೇರಿಸಿದ್ದು ಲೂಥರ್, 1522ರ ಜರ್ಮನ್ ಅನುವಾದದಲ್ಲಿ. ಯಾಕೋಬ ಬೈಯುವುದು ದೆವ್ವಗಳೂ ನಂಬುವ ನಂಬಿಕೆಯನ್ನು. ಅದನ್ನು ಪೌಲ ನಂಬಿಕೆ ಎಂದು ಕರೆದದ್ದೇ ಇಲ್ಲ.

ನಾನು ಕ್ಯಾಥೊಲಿಕ್, ನಮ್ಮ ಯಜಮಾನರು ಸಿ.ಎಸ್.ಐ. (ದಕ್ಷಿಣ ಭಾರತ ಸಭೆ, ಪ್ರೊಟೆಸ್ಟಂಟ್). ಅವರು ‘ಪಾದ್ರಿಯ ಹತ್ತಿರ ಯಾಕೆ, ನೇರ ದೇವರ ಹತ್ತಿರ ಹೇಳು’ ಎನ್ನುತ್ತಾರೆ. ನಾನು ಪಾಪನಿವೇದನೆ ಮಾಡಿ ಹದಿನೆಂಟು ವರ್ಷವಾಯಿತು. ಈಗ ಹೋಗಲು ಹೆದರಿಕೆ. (ಫ್ರೇಜರ್ ಟೌನ್)

ಮೊದಲು ಹೆದರಿಕೆಗೆ. ಜನಸಂದಣಿ ಇಲ್ಲದ ದಿನ ನೋಡಿ, ಗುರುಗಳಿಗೆ ಮುಂಚೆಯೇ ಹೇಳಿ ಅರ್ಧ ಗಂಟೆ ಕೇಳಿಕೊಳ್ಳಿ. ಶನಿವಾರ ಸಂಜೆ ಪೂಜೆಗೆ ಹತ್ತು ನಿಮಿಷ ಇರುವಾಗ ಸಾಲಿನಲ್ಲಿ ನಿಂತರೆ ಅವರಿಗೂ ಗಡಿಬಿಡಿ, ನಿಮಗೂ. ಕೂತ ತಕ್ಷಣ ‘ಹದಿನೆಂಟು ವರ್ಷವಾಯಿತು, ಕ್ರಮ ಮರೆತಿದೆ’ ಎನ್ನಿ. ಮುಂದಕ್ಕೆ ಅವರೇ ಕೈಹಿಡಿದು ನಡೆಸುತ್ತಾರೆ. ಹದಿನೆಂಟು ವರ್ಷದ ದಿನಚರಿ ಒಪ್ಪಿಸಬೇಕಿಲ್ಲ. ಗಂಭೀರ ಪಾಪಗಳನ್ನು, ಯಾವ ಬಗೆಯದು, ನೆನಪಿದ್ದ ಮಟ್ಟಿಗೆ ಎಷ್ಟು ಸಾರಿ ಎಂದು ಹೇಳಬೇಕು. ಗಂಡನ ಪಾಪ, ಅತ್ತೆಯ ಪಾಪ ಅವರವರಿಗೆ ಬಿಡಿ. ಪ್ರಾಮಾಣಿಕವಾಗಿ ಮರೆತದ್ದೂ ಕ್ಷಮೆಯೊಳಗೇ ಸೇರುತ್ತದೆ, ಬೇಕೆಂದೇ ಮುಚ್ಚಿಟ್ಟದ್ದು ಸೇರುವುದಿಲ್ಲ. ಗುರುಗಳು ಕೇಳಿದ್ದನ್ನು ಎಂದೂ, ಯಾರ ಮುಂದೆಯೂ ಹೇಳುವಂತಿಲ್ಲ.

ಯಜಮಾನರಿಗೆ ಹೇಳಬೇಕಾದದ್ದು: ಅವರ ಚರ್ಚಿನ ಆರಾಧನೆಯಲ್ಲೂ ಎಲ್ಲರೂ ಸೇರಿ ಪಾಪ ಅರಿಕೆ ಮಾಡುತ್ತಾರೆ, ಅಯ್ಯನವರು ದೇವರ ಕ್ಷಮೆಯನ್ನು ಬಾಯಿಬಿಟ್ಟು ಸಾರುತ್ತಾರೆ. ಅಲ್ಲೂ ಒಬ್ಬ ಮನುಷ್ಯನ ದನಿಯಲ್ಲೇ ಆ ಮಾತು ಕಿವಿಗೆ ಬೀಳುತ್ತದೆ. ನೀತಿವಂತನೆಂಬ ನಿರ್ಣಯದ ಬಗ್ಗೆಯಂತೂ ಪ್ರೊಟೆಸ್ಟಂಟರ ಬೋಧನೆಯನ್ನು ಖಂಡಿಸಿದ 1547ರ ಕ್ಯಾಥೊಲಿಕ್ ಟ್ರೆಂಟ್ ಮಹಾಸಭೆಯ ಕಾಲದ ಬಿರುಸು ಈಗಿಲ್ಲ. 1999ರ ಅಕ್ಟೋಬರ್ 31ರಂದು ಔಗ್ಸ್‌ಬರ್ಗಿನಲ್ಲಿ ಕ್ಯಾಥೊಲಿಕರು, ಲೂಥರನ್ನರು ಕೂತು ಜಂಟಿ ಘೋಷಣೆಗೆ ಸಹಿ ಹಾಕಿದರು: ನಮ್ಮ ಅರ್ಹತೆಯಿಂದಲ್ಲ, ಕೃಪೆಯಿಂದಲೇ, ಕ್ರಿಸ್ತನಲ್ಲಿಟ್ಟ ನಂಬಿಕೆಯಿಂದ ದೇವರು ನಮ್ಮನ್ನು ಅಂಗೀಕರಿಸುತ್ತಾನೆ, ಪವಿತ್ರಾತ್ಮನನ್ನು ಕೊಟ್ಟು ಸತ್ಕ್ರಿಯೆಗೆ ಸಜ್ಜುಗೊಳಿಸುತ್ತಾನೆ ಎಂದು. ಮೆಥಡಿಸ್ಟರು 2006ರಲ್ಲಿ, ರಿಫಾರ್ಮ್ಡ್ ಸಭೆಗಳು 2017ರಲ್ಲಿ ಸೇರಿಕೊಂಡರು. 1947ರಲ್ಲಿ ಹುಟ್ಟಿದ ಸಿ.ಎಸ್.ಐ.ನ ಬೇರುಗಳಲ್ಲಿ ಆ ಎರಡೂ ಇವೆ. ಭಿನ್ನಾಭಿಪ್ರಾಯ ಪೂರ್ತಿ ತೀರಿಲ್ಲ. ನಿರ್ಣಯ ಹೊಂದಿದವನಲ್ಲಿ ಉಳಿಯುವ, ಪಾಪದ ಕಡೆಗೆ ಎಳೆಯುವ ಆಸೆಯನ್ನು ಪಾಪವೆನ್ನಬೇಕೋ ಬೇಡವೋ ಎಂದು ಇನ್ನೂ ಚರ್ಚೆ ನಡೆಯುತ್ತದೆ. ಅದು ನಿಮ್ಮ ಊಟದ ಮೇಜಿಗೆ ಬರಬೇಕಾದ ಜಗಳವಲ್ಲ.

ದೇವರೊಂದಿಗೆ ನನಗೆ ಸಮಾಧಾನವಿದೆ. ಅಣ್ಣನ ಜೊತೆ ಆರು ವರ್ಷದಿಂದ ಮಾತಿಲ್ಲ, ಅಪ್ಪನ ಸೈಟು ಭಾಗವಾದಾಗಿನಿಂದ. ತಪ್ಪು ಅವನದೇ. ಪ್ರಭು ಭೋಜನಕ್ಕೆ ಹೋಗಬಹುದೇ? (ಜಾಲಹಳ್ಳಿ)

ಮತ್ತಾಯ 5:23 ನಿಧಾನ ಓದಿ. ‘ನಿನಗೆ ಸಹೋದರನ ಮೇಲೆ ಏನಾದರೂ ಇದ್ದರೆ’ ಎಂದಿಲ್ಲ, ‘ನಿನ್ನ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆ’ ಎಂದು ನೆನಪಾದರೆ ಎಂದಿದೆ. ತಪ್ಪು ಯಾರದು ಎಂಬ ತೀರ್ಮಾನಕ್ಕೆ ಕಾಯುವುದಿಲ್ಲ ಆ ವಚನ. ಕೇಳಿಸಿಕೊಂಡವರು ಗಲಿಲಾಯದವರು, ಕಾಣಿಕೆ ಅರ್ಪಿಸುವ ಬಲಿಪೀಠ ಯೆರೂಸಲೇಮಿನಲ್ಲಿ. ನಡುವೆ ನೂರು ಕಿಲೋಮೀಟರಿಗೂ ಮಿಕ್ಕ ಹಾದಿ, ಬೆಂಗಳೂರಿನಿಂದ ನಡೆದು ಮಂಡ್ಯ ದಾಟಿದಂತೆ, ಮೂರು ನಾಲ್ಕು ದಿನದ ಕಾಲ್ನಡಿಗೆ. ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಅಣ್ಣನನ್ನು ಕಂಡು ಬಾ ಎಂದಾಗ ಅವರಿಗೆ ದೂರ ಗೊತ್ತಿತ್ತು. ನಿಮಗೆ ಬಹುಶಃ ಒಂದು ಬಿ.ಎಂ.ಟಿ.ಸಿ. ಬಸ್ಸು.

1950ರ ಸಿ.ಎಸ್.ಐ. ಪ್ರಭು ಭೋಜನ ಕ್ರಮದಲ್ಲಿ ಸಮಾಧಾನ ಹಂಚುವ ಪದ್ಧತಿಯನ್ನು ಕಾಣಿಕೆಗೆ ಸ್ವಲ್ಪ ಮುಂಚೆ ಇಟ್ಟದ್ದು ಈ ವಚನ ಮನಸ್ಸಿನಲ್ಲಿದ್ದುದರಿಂದಲೇ. ಕೊಡುವವರ ಬಲ ಅಂಗೈ ಪಡೆಯುವವರ ಬಲ ಅಂಗೈಗೆ ತಾಗುತ್ತದೆ, ಇಬ್ಬರೂ ಎಡಗೈಯನ್ನು ಇನ್ನೊಬ್ಬರ ಬಲಗೈ ಮೇಲೆ ಮುಚ್ಚುತ್ತಾರೆ. ನಾಲ್ಕು ಕೈಗಳೂ ತುಂಬಿರುತ್ತವೆ. ಪಕ್ಕದವರಿಗೆ ತಲೆಯಾಡಿಸಿ ಮೊಬೈಲು ನೋಡುವುದು ಆಮೇಲೆ ಬಂದ ಪದ್ಧತಿ.

ಮೊತ್ತದ ಅಂದಾಜೂ ಇರಲಿ. ಮತ್ತಾಯ 18ರಲ್ಲಿ ಯೇಸು ಹೇಳಿದ ಸಾಮ್ಯದಲ್ಲಿ ಆಳಿಗೆ ಅರಸ ಮಾಫಿ ಮಾಡಿದ ಸಾಲ 10,000 ತಲಾಂತು. ಒಂದು ತಲಾಂತಿಗೆ ಸುಮಾರು 6,000 ದೆನಾರಿ, ಒಂದು ದೆನಾರಿ ಒಂದು ದಿನದ ಕೂಲಿ. ವರ್ಷಕ್ಕೆ 300 ದಿನ ದುಡಿದರೂ ತೀರಿಸಲು 2 ಲಕ್ಷ ವರ್ಷ. ಅವನು ಜೊತೆಯಾಳಿನ ಕುತ್ತಿಗೆ ಹಿಸುಕಿದ್ದು 100 ದೆನಾರಿಗೆ. ನೂರು ದಿನದ ಕೂಲಿ ಸಣ್ಣದೇನಲ್ಲ, ನಿಮ್ಮ ಸೈಟಿನ ಪಾಲೂ ಸಣ್ಣದಲ್ಲ.

ಪ್ರಭು ಭೋಜನಕ್ಕೆ ಹೋಗಿ, ಆದರೆ ಆ ಭಾನುವಾರಕ್ಕೆ ಮುಂಚೆ ಅಣ್ಣನಿಗೆ ಒಂದು ಫೋನು ಮಾಡಿ. ಅವರು ಎತ್ತದಿದ್ದರೆ, ಬಾಗಿಲು ತೆರೆಯದಿದ್ದರೆ, ‘ನಿಮ್ಮಿಂದಾದಷ್ಟು ಮಟ್ಟಿಗೆ’ ಎಂಬ ರೋಮಾ. 12:18ರ ಮಾತು ಇರುವುದು ಅಂಥ ಹೊತ್ತಿಗೇ. ಆಸ್ತಿಯ ನ್ಯಾಯ ಬಿಟ್ಟುಕೊಡಿ ಎಂದು ಇದರರ್ಥವಲ್ಲ, ಅದನ್ನು ವಕೀಲರ ಮುಂದೆ ಬೇರೆ ದಿನ ಮಾತಾಡಬಹುದು. ಮೊದಲ ಸಾರಿ ಹೋಗುವಾಗ ಅತ್ತಿಗೆಗೆ, ಮಕ್ಕಳಿಗೆ ಹಣ್ಣು ಒಯ್ಯಿರಿ. ವಿಭಾಗಪತ್ರದ ಜೆರಾಕ್ಸ್ ಮನೆಯಲ್ಲೇ ಇರಲಿ.